ಸೇತುವೆಯ ಈ ಕಡೆ

ನಮ್ಮ ಪೆನ್ನಿಕೋಂಬ್‌ನಲ್ಲಿ ನವೆಂಬರ್ ಐದನೇ ತಾರೀಕು ಉರಿಯುವ ಡಾಂಬರು ಪೀಪಾಯಿಗಳನ್ನು ಹೆಗಲ ಮೇಲೆ ಹೊತ್ತು ಪೇಟೆಬೀದಿಯಲ್ಲಿ ಓಡುತ್ತೇವೆ. ಯಾಕೆ ಎಂದು ಕೇಳಿದವರಿಗೆಲ್ಲ ನಮ್ಮಜ್ಜ ಒಂದೇ ಉತ್ತರ ಕೊಡುತ್ತಿದ್ದ: "ಹೊತ್ಕೊಂಡು ನಿಂತ್ರೆ ತಲೆ ಸುಡುತ್ತೆ, ಅದಕ್ಕೇ ಓಡ್ತೀವಿ." ಇದಕ್ಕಿಂತ ಒಳ್ಳೆಯ ಕಾರಣ ನನಗೂ ಗೊತ್ತಿಲ್ಲ. ಹೊತ್ತು ಇಳಿಯುವಾಗ ಎಳೆಯರ ಪೀಪಾಯಿ, ಆಮೇಲೆ ಹೆಂಗಸರದು, ಕೊನೆಗೆ ಗಂಡಸರ ದೊಡ್ಡವು. ನಾನು ಹದಿನಾರಕ್ಕೆ ಎಳೆಯರದನ್ನು ಹೊತ್ತೆ, ಮದುವೆಯಾದ ವರ್ಷ ಹೆಂಗಸರದನ್ನು ಹೊತ್ತೆ. ಕತ್ತಿನ ಎಡಗಡೆ ಈಗಲೂ ಅಂಗೈಯಗಲದ ಸುಟ್ಟ ಕಲೆ ಇದೆ. ಅದನ್ನು ಮುಚ್ಚಿಕೊಳ್ಳಲು ನಾನು ಯಾವತ್ತೂ ಸ್ಕಾರ್ಫ್ ಕಟ್ಟಿದವಳಲ್ಲ.

ಈ ಹಬ್ಬಕ್ಕೆ ಇರುವುದು ಒಂದೇ ಕಟ್ಟಳೆ. ಊರಿನ ಎಲ್ಲೆಯೊಳಗೆ ಹುಟ್ಟಿದವರು ಮಾತ್ರ ಪೀಪಾಯಿ ಹೊರಬೇಕು. ಅಪ್ಪ ಯಾರು, ಅಜ್ಜ ಯಾರು ಎಂದು ಕೇಳುವಂತಿಲ್ಲ. ಎಲ್ಲಿ ಹುಟ್ಟಿದೆ ಎಂದಷ್ಟೇ ಕೇಳಬೇಕು. ಅದೂ ಹೊರುವವರನ್ನಲ್ಲ, ಅವರ ತಾಯಿಯನ್ನು. ಹಬ್ಬಕ್ಕೆ ಮೊದಲು ಚರ್ಚಿನ ಹಿಂದಿನ ಸಭಾಂಗಣದಲ್ಲಿ ಎಲ್ಲರೂ ಸೇರಿದಾಗ ಪೀಪಾಯಿ ಯಜಮಾನ ಎದ್ದು ನಿಂತು "ಎಲ್ಲಿ ಹೆತ್ತೆ?" ಎಂದು ಕೇಳುತ್ತಾನೆ. ತಾಯಿ ಎದ್ದು "ಎಲ್ಲೆಯೊಳಗೆ" ಎನ್ನುತ್ತಾಳೆ. ಹೆತ್ತವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ನಮ್ಮ ಹಿರಿಯರು ಮೂರ್ಖರಾಗಿರಲಿಲ್ಲ. ಮುಂದೊಂದು ದಿನ ಊರಿನ ಹೆರಿಗೆ ವಾರ್ಡು ಮುಚ್ಚುತ್ತದೆ ಎಂಬುದೊಂದು ಅವರಿಗೆ ಹೊಳೆದಿರಲಿಲ್ಲ ಅಷ್ಟೆ.

ಮುಚ್ಚಿದಾಗ ನಮಗೂ ಹೊಳೆಯಲಿಲ್ಲ. ಬಸುರಿಯರು ದೂರದ ಎಕ್ಸೆಟರ್ ಪಟ್ಟಣದವರೆಗೆ ಹೋಗಬೇಕಲ್ಲ ಎಂದು ಕೂಗಾಡಿದೆವು, ಮೆರವಣಿಗೆ ಮಾಡಿದೆವು, ಸುಮ್ಮನಾದೆವು. ಅಂದಿನಿಂದ ಪೆನ್ನಿಕೋಂಬ್‌ನ ಮಕ್ಕಳೆಲ್ಲ ಎಕ್ಸೆಟರ್‌ನಲ್ಲೇ ಹುಟ್ಟಿದವು. ಆ ಮಕ್ಕಳು ಹೆಗಲು ಕೊಡುವ ವಯಸ್ಸಿಗೆ ಬಂದಾಗ ನಮ್ಮವರಿಗೆ ಕಣ್ಣು ತೆರೆಯಿತು. ಪೇಟೆಬೀದಿಯಲ್ಲೇ ಏಳು ತಲೆಮಾರು ಬದುಕಿದವರ ಮೊಮ್ಮಕ್ಕಳು, ಕಟ್ಟಳೆಯ ಪ್ರಕಾರ ಒಬ್ಬರೂ ಊರಿನವರಲ್ಲ! ಯಜಮಾನ ಸೆಡ್ರಿಕ್ ಲಕ್ಸ್‌ಟನ್‌ನ ಸಂಕಟವನ್ನಂತೂ ನೋಡಲಾಗುತ್ತಿರಲಿಲ್ಲ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಹೊತ್ತವರು. ಇದು ಮೊದಲೇ ಹೊಳೆದಿದ್ದದ್ದು ಅವನೊಬ್ಬನಿಗೇ: ಮೊಮ್ಮಗಳು ಟ್ಯಾಮ್ಸಿನ್ ಹುಟ್ಟುವಾಗ, ಮನೆಯಲ್ಲೇ ಹೆರು ತಾಯಿ ಎಂದು ಸೊಸೆಯ ಕಾಲು ಹಿಡಿಯುವುದೊಂದು ಬಾಕಿ. ಆ ಪಾಪದ ಹುಡುಗಿ ಎರಡು ದಿನ ಹಲ್ಲು ಕಚ್ಚಿ ನೋವು ತಿಂದು ಕೊನೆಗೆ ಎಕ್ಸೆಟರ್‌ಗೇ ಹೋಗಬೇಕಾಯಿತು.

ಈ ವರ್ಷ ಎಳೆಯರ ಪೀಪಾಯಿಗೆ ಇಡೀ ಊರಿನಲ್ಲಿ ಹಕ್ಕಿದ್ದವಳು ಒಬ್ಬಳೇ. ಇನೇಶ್. ನನ್ನ ಪಕ್ಕದ ಮನೆಯ ಗ್ರಾಸಿಂದಾಳ ಮಗಳು.

ಗ್ರಾಸಿಂದಾ ಪೋರ್ಚುಗಲ್‌ನವಳು. ಕೋಳಿ ಕಾರ್ಖಾನೆಯ ಕೆಲಸಕ್ಕೆಂದು ಗಂಡನ ಜೊತೆ ಬಂದಳು. ಅವನು ಲಾರಿ ಓಡಿಸುತ್ತೇನೆ ಎಂದು ಹೊರಟವನು ಲಾರಿಯ ಸಮೇತ ಕಾಣೆಯಾದ. ಅವಳು ತುಂಬಿದ ಬಸುರಿ. ಆ ಫೆಬ್ರವರಿಯಲ್ಲಿ ಹಿಮ ಬಿದ್ದಿದ್ದು ಅಷ್ಟಿಷ್ಟಲ್ಲ. ನೋವು ಬಂದಾಗ ಆಂಬುಲೆನ್ಸ್ ಬರಲಾಗದು ಎಂದರು. ನನ್ನ ಹಳೇ ವ್ಯಾನಿನಲ್ಲಿ, ಆಲೂಗಡ್ಡೆ ಚೀಲಗಳ ನಡುವೆ ಅವಳನ್ನು ಮಲಗಿಸಿಕೊಂಡು ಹೊರಟೆ. ಹೊಳೆಯ ಸೇತುವೆಯ ಹತ್ತಿರ ಚಕ್ರ ಸಿಕ್ಕಿಬಿತ್ತು. ಸೇತುವೆಯ ನಡುವಿನ ಕಲ್ಲೇ ಊರಿನ ಎಲ್ಲೆ. ನಾವು ಸೇತುವೆಗೇ ಏರಿರಲಿಲ್ಲ. ಕುದುರೆಗಳಿಗೆ ನೀರು ಕುಡಿಸುವ ಹಳೇ ಕಲ್ಲುತೊಟ್ಟಿಯ ಪಕ್ಕದಲ್ಲಿದ್ದೆವು. ಶಾಲೆಯ ಅಡುಗೆಯವಳಾದ ನಾನು ಹಂದಿಮಾಂಸ ಬೇಯಿಸಬಲ್ಲೆ, ಸೂಲಗಿತ್ತಿಯ ಕೆಲಸ ಏನು ಗೊತ್ತು? ಆದರೂ ಮಗು ಬಂತು. ಕೂಗಿತು. ನಾನೂ ಕೂಗಿದೆ. ಈ ಕಥೆಯನ್ನು ಪಬ್ಬಿನಲ್ಲಿ ಎಷ್ಟು ಸಲ ಹೇಳಿದ್ದೇನೆ ಅಂದರೆ, ನಾನು ಬಾಯಿ ತೆರೆಯುವ ಮೊದಲೇ ಜನ "ಆ ಕಲ್ಲುತೊಟ್ಟಿ ವಿಷಯ ತಾನೆ?" ಎನ್ನುತ್ತಿದ್ದರು.

ಸೆಪ್ಟೆಂಬರ್ ಕೊನೆಗೆ ಸೆಡ್ರಿಕ್ ಇನೇಶಳನ್ನು ಬೀದಿಯಲ್ಲಿ ನಿಲ್ಲಿಸಿ, "ಏನಮ್ಮ, ನಮ್ಮ ಮಾನ ಉಳಿಸ್ತೀಯಾ?" ಎಂದು ಕೇಳಿದ್ದನಂತೆ. ಹುಡುಗಿ ನೆಗೆದುಕೊಂಡು ನನ್ನ ಹಿತ್ತಿಲಿಗೆ ಬಂದಳು. ಅಂದಿನಿಂದ ದಿನಾ ಅಭ್ಯಾಸ. ಖಾಲಿ ಪೀಪಾಯಿಯನ್ನು ಹೆಗಲಿಗೇರಿಸಿ, ಸೇಬಿನ ಮರ ಸುತ್ತಿಸಿ ಓಡಿಸುತ್ತಿದ್ದೆ. ನನ್ನ ಹಳೇ ಗೋಣಿ ಕೈಗವಸುಗಳನ್ನು ಅವಳ ಕೈಗೆ ಸರಿಯಾಗುವಂತೆ ಹೊಲಿದುಕೊಟ್ಟೆ.

"ತಲೆ ತಗ್ಗಿಸು. ಉಸಿರು ಕೆಳಗಿಂದ ತಗೋ. ಬೆಂಕಿ ನೋಡಬೇಡ, ನೆಲ ನೋಡು."

"ನಿಂತುಬಿಟ್ರೆ?"

"ನಿಂತ್ರೆ ನಿನ್ನ ಕೂದಲು ಹೋಯ್ತು ಅಂತ ತಿಳ್ಕೋ. ಪೀಪಾಯಿ ಹೊತ್ತೋರು ನಿಲ್ಲೋದಿಲ್ಲ."

"ಬೆರಿಲ್ ಆಂಟಿ, ನಮ್ಮೂರಲ್ಲಿ ನೀವಾದ್ಮೇಲೆ ಯಾವ ಹುಡುಗೀನೂ ಹೊತ್ತಿಲ್ವಾ?"

"ಇಬ್ಬರು ಹೊತ್ರು. ಒಬ್ಳು ಅರ್ಧ ದಾರೀಲಿ ಬಿಸಾಕಿ ಓಡಿಹೋದ್ಲು. ಹೆಸರು ಹೇಳಲ್ಲ, ಈಗ ಅವಳು ಬ್ಯಾಂಕ್ ಮ್ಯಾನೇಜರು."

ಟ್ಯಾಮ್ಸಿನ್ ಗೋಡೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಇಬ್ಬರೂ ಒಂದೇ ತರಗತಿ, ಒಂದೇ ಬೆಂಚು. "ನಮ್ಮಜ್ಜ ನಿನ್ನನ್ನೇ ದತ್ತು ತಗೋತಾನೆ ನೋಡು" ಎಂದು ರೇಗಿಸುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳಾದರೂ ಅವಳಿಗೆ ಹೊಟ್ಟೆಯುರಿ ಇರಲಿಲ್ಲ ಎಂದು ನಾನು ಆಣೆ ಹಾಕಲಾರೆ.

ಗ್ರಾಸಿಂದಾ ಮಾತ್ರ ಹಿತ್ತಿಲ ಕಡೆ ಮುಖ ಹಾಕಲಿಲ್ಲ. ಅವಳಿಗೆ ಬೆಂಕಿ ಎಂದರೆ ಆಗದು. ಪ್ರತಿ ವರ್ಷ ಆ ದಿನ ಕಿಟಕಿ ಮುಚ್ಚಿ, ಪರದೆ ಎಳೆದು, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಒಳಗೇ ಕುಳಿತಿರುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಅವರ ಹಳ್ಳಿಯ ಸುತ್ತಲಿನ ಕಾಡಿಗೆ ಬೆಂಕಿ ಬಿದ್ದಿತ್ತು. ತಾಯಿ ಮಕ್ಕಳನ್ನು ಬಟ್ಟೆ ಒಗೆಯುವ ತೊಟ್ಟಿಯೊಳಗೆ ಕೂರಿಸಿ ಒದ್ದೆ ಕಂಬಳಿ ಹೊದಿಸಿದ್ದಳಂತೆ. ಅಪ್ಪ ಆಡುಗಳನ್ನು ಬಿಡಿಸಿಕೊಂಡು ಬರುತ್ತೇನೆ ಎಂದು ಹೋದವನು. ಇಷ್ಟನ್ನು ಒಂದೇ ಒಂದು ಸಲ ಹೇಳಿದ್ದಳು. ಮುಂದೇನಾಯಿತು ಎಂದು ನಾನು ಕೇಳಲಿಲ್ಲ.

ಚರ್ಚಿನ ಸಭೆಗೆ ಕೆಲವೇ ದಿನ ಇರುವಾಗ ಅವಳು ಒಂದು ಪಾತ್ರೆ ಎಲೆಕೋಸಿನ ಸೂಪು ಹಿಡಿದು ನನ್ನ ಅಡುಗೆಮನೆಗೆ ಬಂದಳು. ಸೂಪು ತಂದರೆ ಏನೋ ಇದೆ ಎಂದೇ ಅರ್ಥ.

"ಬೆರಿಲ್, ಅವಳಿಗೆ ನೀನು ಹೇಳು. ನಿನ್ನ ಮಾತು ಕೇಳ್ತಾಳೆ."

"ನಾನ್ಯಾಕೆ ಹೇಳ್ಲಿ? ತಾಯಿ ನೀನು. ಬೇಡ ಅನ್ನು, ಮುಗೀತು."

"ಅಂದೆ. ಏನಂದ್ಲು ಗೊತ್ತಾ? ಇಷ್ಟು ವರ್ಷಕ್ಕೆ ಮೊದಲ ಸಲ ಈ ಊರು ನಮ್ಮನ್ನ ಬೇಕು ಅಂತ ಕರೀತಿದೆ, ನೀನು ಬಾಗಿಲು ಹಾಕ್ಕೊಂಡು ಕೂತ್ಕೋ ಅಂದ್ಲು."

ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ಗ್ರಾಸಿಂದಾ ಸುಗ್ಗಿಯ ಊಟಕ್ಕೆ ತಂದ ಉಪ್ಪುಮೀನಿನ ವಡೆಗಳನ್ನು ಎಲ್ಲರೂ ಹೊಗಳಿ, ಯಾರೂ ಮುಟ್ಟದೆ, ಕೊನೆಗೆ ನಾನೇ ಡಬ್ಬಿಗೆ ತುಂಬಿಕೊಂಡು ಬಂದದ್ದು ನೆನಪಿತ್ತು.

"ನಾನು ಬೇಡ ಅಂದ್ರೆ ಏನಾಗುತ್ತೆ?" ಎಂದಳು ಅವಳು. "ಎರಡು ವರ್ಷ ಕಾಯ್ತಾಳೆ. ಹದಿನೆಂಟಾದ್ಮೇಲೆ ಹೆಂಗಸರದ್ದು ಹೊರ್ತಾಳೆ. ಆಮೇಲೆ ಪ್ರತಿ ವರ್ಷ. ಪ್ರತಿ ವರ್ಷ ನಾನು ಒಳಗೆ ಕೂತು, ಹೊರಗೆ ನನ್ನ ಮಗಳು ಉರೀತಿದ್ದಾಳೆ ಅನ್ಕೋಬೇಕು. ನನ್ನ ಕೈಲಿ ಆಗಲ್ಲ ಬೆರಿಲ್. ಅದಕ್ಕೆ ಸೇತುವೆ ಆ ಕಡೆ ಹುಟ್ಟಿದ್ಲು ಅಂತ ಹೇಳಿಬಿಡ್ತೀನಿ."

"ಏನಂದೆ?"

"ಸೆಡ್ರಿಕ್ ಕೇಳ್ತಾನಲ್ಲ, ಎಲ್ಲಿ ಹೆತ್ತೆ ಅಂತ. ಎಲ್ಲೆ ಆಚೆ ಅಂತೀನಿ. ಜನ್ಮಕ್ಕೆ ಮುಗಿದುಹೋಗುತ್ತೆ."

ನಾನು ಚಮಚ ಕೆಳಗಿಟ್ಟೆ. "ತಲೆ ಕೆಟ್ಟಿದೆಯಾ ನಿನಗೆ? ಬೇಡ ಅಂದ್ರೆ ನಿನ್ನ ಮೇಲೆ ಸಿಟ್ಟಾಗ್ತಾಳೆ, ಇಳಿಯುತ್ತೆ. ಇದು ಬೇರೆ. ಇದನ್ನ ಆಡಬೇಡ ಕಣೇ. ಅಲ್ಲದೆ ಯಾರು ನಂಬ್ತಾರೆ? ಇಡೀ ಊರಿಗೆ ಸಾರಿದ್ದೀನಿ ನಾನು, ಕಲ್ಲುತೊಟ್ಟಿ ಪಕ್ಕ ಅಂತ."

"ನಂಬದಿದ್ರೆ ನನ್ನ ಹಣೆಬರಹ. ನೀನು ಸುಮ್ನಿದ್ರೆ ಸಾಕು. ಸುಳ್ಳು ಹೇಳು ಅಂತಿಲ್ಲ. ಸುಮ್ನಿರು."

"ಕೇಳಿದ್ರೆ ನಿಜ ಹೇಳ್ತೀನಿ" ಎಂದೆ. "ಕೇಳದಿದ್ರೆ ಬಾಯಿ ಬಿಡಲ್ಲ. ಅಷ್ಟೇ ನನ್ನ ಕೈಲಾಗೋದು."

ಅವಳು ತಲೆಯಾಡಿಸಿದಳು. ಅವಳು ಹೋದ ಮೇಲೆ ಆ ಸೂಪನ್ನು ಮುಚ್ಚಿಟ್ಟೆ. ಖಂಡಿತ ಕೇಳುತ್ತಾರೆ, ನನ್ನನ್ನು ಕೇಳದೆ ಬಿಟ್ಟಾರೆಯೇ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಕೇಳಿದರೆ ಹೇಳಬೇಕಾದ ಮಾತನ್ನು ರಾತ್ರಿಯೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ.

ಅಕ್ಟೋಬರ್‌ನ ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಸಭೆ. ಸಭಾಂಗಣದಲ್ಲಿ ಒದ್ದೆ ಕೋಟುಗಳ ವಾಸನೆ, ಚಹಾದ ದೊಡ್ಡ ಕೆಟಲಿನ ಸದ್ದು. ಇನೇಶ್ ಮುಂದಿನ ಸಾಲಿನಲ್ಲಿ, ಕೂದಲನ್ನು ಬಿಗಿಯಾಗಿ ಹೆಣೆದು ಕುಳಿತಿದ್ದಳು. ಸೆಡ್ರಿಕ್ ಎದ್ದ. ಕಸಾಯಿಯ ಕೆಲಸ ಬಿಟ್ಟು ವರ್ಷಗಳಾದರೂ ಅವನ ಕೈಗಳು ಇನ್ನೂ ಅಗಲ. ಟೈ ಕಟ್ಟಿಕೊಂಡಿದ್ದ.

"ಗ್ರಾಸಿಂದಾ," ಎಂದ, ಹೆಸರನ್ನು ಎಚ್ಚರದಿಂದ ಉಚ್ಚರಿಸುತ್ತ, "ಎಲ್ಲಿ ಹೆತ್ತೆ?"

ಅವಳು ಎದ್ದು ನಿಂತಳು. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದಳು.

"ಎಲ್ಲೆಯ ಆಚೆ" ಎಂದಳು. "ಸೇತುವೆ ದಾಟಿದ್ವಿ. ಆ ಕಡೆ ಹುಟ್ಟಿದ್ಲು."

ಇನೇಶ್ ತಿರುಗಿ ನೋಡಿದಳು. ಮೊದಲು ತಾಯಿಯನ್ನು, ಆಮೇಲೆ ನನ್ನನ್ನು. ನಾನು ಸೆಡ್ರಿಕ್‌ನ ಮುಖವನ್ನೇ ನೋಡುತ್ತಿದ್ದೆ. ಈಗ ಕೇಳುತ್ತಾನೆ, ಈಗ "ಬೆರಿಲ್, ಇದೇನಿದು?" ಎನ್ನುತ್ತಾನೆ ಎಂದು ನಾನು ಕುರ್ಚಿಯ ತುದಿಗೆ ಬಂದು ಕುಳಿತಿದ್ದೆ. ಮಗು ಹುಟ್ಟಿದ್ದು ನನ್ನ ವ್ಯಾನಿನಲ್ಲಿ. ಹೊಕ್ಕುಳ ಬಳ್ಳಿ ಕಟ್ಟಿದ್ದು ನನ್ನ ಬೂಟಿನ ಲೇಸಿನಿಂದ.

"ಹಾಗೋ" ಎಂದ ಸೆಡ್ರಿಕ್. "ಸರಿ ಹಾಗಾದ್ರೆ."

ಅಷ್ಟೇ. ಅವನ ಭುಜಗಳು ಸಡಿಲವಾದದ್ದು ನನಗೆ ಕಂಡಿತು. ಹಿಂದಿನಿಂದ ನೈಜೆಲ್ ರೆಟರ್, ಹಬ್ಬದ ದಿನ ಜನರನ್ನು ಹಗ್ಗ ಹಿಡಿದು ತಡೆಯುವವನು, "ನಂಗೂ ಒಳಗೊಳಗೇ ಅನುಮಾನ ಇತ್ತು" ಎಂದ. ಯಾವ ಅನುಮಾನ? ನನ್ನ ಕಥೆಯನ್ನು ಪಬ್ಬಿನಲ್ಲಿ ನನಗಿಂತ ಚೆನ್ನಾಗಿ ಅವನೇ ಹೇಳುತ್ತಿದ್ದ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಆದರೆ ಅವರ ಪೈಕಿ ಇಷ್ಟು ಜನ ನನ್ನ ಕೈಯಡುಗೆ ಉಂಡು ಬೆಳೆದವರು ಎಂದು ಗೊತ್ತಿರಲಿಲ್ಲ. ಒಬ್ಬರಾದರೂ "ಇಲ್ಲ, ಅವಳು ನಮ್ಮವಳು" ಎಂದು ಜಗಳಕ್ಕೆ ಬರಲಿಲ್ಲ. ಗ್ರಾಸಿಂದಾ ಇನ್ನೂ ನಿಂತೇ ಇದ್ದಳು. ಅವಳೂ ಅದೇ ಜಗಳಕ್ಕೆ ಕಾಯುತ್ತಿದ್ದಳು ಎಂದು ನನಗೆ ಆಗ ಅರ್ಥವಾಯಿತು.

"ಹಾಗಿದ್ಮೇಲೆ ದಾರಿ ಒಂದೇ ಉಳೀತು" ಎಂದ ಸೆಡ್ರಿಕ್. "ಕಟ್ಟಳೆ ಸ್ವಲ್ಪ ತಿದ್ದಬೇಕು. ಇನ್ನು ಮುಂದೆ ಮಕ್ಕಳು ಎಲ್ಲೇ ಹುಟ್ಟಲಿ, ಅಪ್ಪನೋ ಅಮ್ಮನೋ ಎಲ್ಲೆಯೊಳಗೆ ಹುಟ್ಟಿದ್ರೆ ಸಾಕು. ಒಪ್ಪೋರು ಕೈ ಎತ್ತಿ."

ಕೈಗಳು ಎದ್ದವು. ಅಷ್ಟು ಬೇಗ ಎದ್ದದ್ದು ನೋಡಿದರೆ ಎಷ್ಟೋ ತಿಂಗಳಿಂದ ಜೇಬಿನಲ್ಲೇ ಕಾಯುತ್ತಿದ್ದವು ಅನ್ನಬೇಕು. ನನ್ನ ಕೈ ಮಡಿಲಲ್ಲೇ ಉಳಿಯಿತು. ನನಗೆ ಎದ್ದು ಕೂಗಬೇಕು ಅನ್ನಿಸಿತು, ಆದರೆ ಕೇಳದಿದ್ದರೆ ಬಾಯಿ ಬಿಡಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ. ಹಾಳು ಮಾತು. ಎಳೆಯರ ಪೀಪಾಯಿ ಟ್ಯಾಮ್ಸಿನ್‌ಗೆ ಎಂದು ತೀರ್ಮಾನವಾಯಿತು. ಜನ ಚಹಾಕ್ಕೆ ಎದ್ದರು.

ಮರುದಿನ ಇನೇಶ್ ಗೋಣಿ ಕೈಗವಸುಗಳನ್ನು ಒಗೆದು, ಒಣಗಿಸಿ, ಮಡಿಸಿ ತಂದುಕೊಟ್ಟಳು.

"ಟ್ಯಾಮ್ಸಿನ್‌ಗೆ ಕೊಡಿ" ಎಂದಳು. "ಅವಳ ಕೈ ನನ್ನಷ್ಟೇ ಇದೆ."

"ಅವರಜ್ಜ ಹೊಲಿಸಿಕೊಡ್ತಾನೆ ಬಿಡು. ಒಳಗೆ ಬಾ, ಆಪಲ್ ಕೇಕ್ ಮಾಡಿದ್ದೀನಿ."

"ಬೇಡ ಆಂಟಿ, ಓದೋದಿದೆ. ನಿಮ್ಮೂರಲ್ಲಿ ಈ ಸಲ ಮಳೆ ಜಾಸ್ತಿ ಅಲ್ವಾ?"

ನಿಮ್ಮೂರು. ಸುಮ್ಮನೆ ಆಡಿದ ಮಾತು, ವ್ಯಂಗ್ಯವಿರಲಿಲ್ಲ, ಕೋಪವಿರಲಿಲ್ಲ. ಯಾವುದೋ ಪಾಠ ಕಲಿತು ಒಪ್ಪಿಸಿದಂತೆ ಹೇಳಿ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವಳು ತಾಯಿ, ಆಡದೆ ಉಳಿದವಳು ನಾನು, ಒಡೆದದ್ದಂತೂ ಒಡೆಯಿತು.

ಗ್ರಾಸಿಂದಾ ಕೆಲವು ದಿನ ನಿರಾಳವಾಗಿದ್ದಳು. ಚೆನ್ನಾಗಿ ನಿದ್ದೆ ಬರುತ್ತಿದೆ ಎಂದಳು. ಆಮೇಲೆ ಒಂದು ಮಧ್ಯಾಹ್ನ ಬೇಲಿಯ ಹತ್ತಿರ ಬಟ್ಟೆ ಒಣಗಿಸುತ್ತ ನಿಂತವಳು ಕ್ಲಿಪ್ಪನ್ನು ಕೈಯಲ್ಲೇ ಹಿಡಿದು ಹೇಳಿದಳು:

"ನಮ್ಮಕ್ಕನ ಮನೆ ಬಗ್ಗೆ ಕೇಳ್ತಿದ್ದಾಳೆ. ಅಲ್ಲಿ ಓದಬಹುದಾ, ಅಲ್ಲಿ ಕೆಲಸ ಸಿಗುತ್ತಾ ಅಂತ. ನಾನು ಹುಟ್ಟಿದ ಊರಲ್ಲಿ ಏನಿದೆ ಬೆರಿಲ್? ಸುಟ್ಟ ಮರ ಇದೆ. ಅಲ್ಲಿಗೆ ಹೋಗ್ತಾಳಂತೆ."

"ಹದಿನಾರು ವಯಸ್ಸು. ಇವತ್ತು ಪೋರ್ಚುಗಲ್ ಅಂತಾಳೆ, ನಾಳೆ ಚಂದ್ರಲೋಕ ಅಂತಾಳೆ."

"ಸಿಟ್ಟು ಮಾಡ್ಲಿ ಅಂತ ಕಾಯ್ತಿದ್ದೀನಿ. ಮಾಡ್ತಿಲ್ಲ. ಅಮ್ಮ, ಮೊದಲೇ ಹೇಳಿದ್ರೆ ಇಷ್ಟು ವರ್ಷ ಪೆದ್ದಿ ಥರ ಇಲ್ಲೀವಳು ಅಂತ ಹೇಳ್ಕೊಂಡು ತಿರುಗ್ತಿರಲಿಲ್ಲ ಅಂದ್ಲು. ನನ್ನನ್ನ ನಂಬಿಬಿಟ್ಟಿದ್ದಾಳೆ ಬೆರಿಲ್!"

"ನಿಜ ಹೇಳಿಬಿಡು ಅವಳಿಗೆ."

"ಹೇಳಿದ್ರೆ ಏನಂತಾಳೆ? ನನ್ನಮ್ಮನೇ ನನ್ನನ್ನ ಹೊರಗೆ ಹಾಕಿದ್ಲು ಅನ್ನಲ್ವಾ?"

ಅನ್ನುತ್ತಾಳೆ. ಅದಕ್ಕೇ ನಾನೂ ಹೇಳಲಿಲ್ಲ. ಇಬ್ಬರು ಬೆಳೆದ ಹೆಂಗಸರು ಒಂದು ಹುಡುಗಿಯ ಎದುರಿಗೆ ಕಳ್ಳರಂತೆ ಓಡಾಡಿದೆವು.

ನವೆಂಬರ್ ಐದು ಬಂತು. ಮಳೆ ನಿಂತಿತ್ತು, ರಸ್ತೆಯೆಲ್ಲ ಕೊಳೆತ ಎಲೆ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ, ಆಗಲೇ ಪೇಟೆಬೀದಿಯಲ್ಲಿ ಡಾಂಬರಿನ ವಾಸನೆ, ಸುಟ್ಟ ಆಲೂಗಡ್ಡೆಯ ವಾಸನೆ, ಸೈಡರ್ ಕುಡಿದವರ ಗದ್ದಲ. ಸುತ್ತಲ ಊರುಗಳಿಂದ ಬಸ್ಸು ಬಸ್ಸು ಜನ. ನಾನು ಎಂದಿನಂತೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ, ಊರಿನವರು ನಿಲ್ಲುವ ಜಾಗದಲ್ಲಿದ್ದೆ. ಪಕ್ಕಕ್ಕೆ ಯಾರೋ ಬಂದು ನಿಂತರು. ನೋಡಿದರೆ ಗ್ರಾಸಿಂದಾ. ಇಷ್ಟು ವರ್ಷಗಳಲ್ಲಿ ಈ ದಿನ ಅವಳನ್ನು ಬೀದಿಯಲ್ಲಿ ನೋಡಿದ್ದೇ ಇಲ್ಲ. ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು.

"ಒಬ್ಳೇ ಬಂದಿದ್ದಾಳೆ" ಎಂದಳು. "ಬೇಡ ಅಂದ್ರೂ ಬಂದ್ಲು. ಎಲ್ಲಿದ್ದಾಳೆ?"

ಎದುರಿಗೆ ನೈಜೆಲ್ ಹಗ್ಗ ಹಿಡಿದು ಕೂಗುತ್ತಿದ್ದ: "ಹೊರಗಿನೋರೆಲ್ಲ ಹಗ್ಗದ ಆಚೆ! ಪ್ರವಾಸಕ್ಕೆ ಬಂದೋರು ಹಿಂದೆ ಹೋಗಿ!" ಅವನ ಎದುರಿಗೆ ಇನೇಶ್ ಬಂದಳು. ಕೇಳದೆಯೇ, ಬಗ್ಗಿ, ಹಗ್ಗದ ಆಚೆ ಹೋಗಿ ನಿಂತಳು.

"ಏಯ್ ಇನೇಶ್, ನೀನ್ಯಾಕೆ ಆಚೆ? ನಿನ್ನನ್ನ ನಾವು ಬಲ್ಲೆವಲ್ಲ, ಈ ಕಡೆನೇ ನಿಂತ್ಕೋ" ಎಂದ ನೈಜೆಲ್. ಒಳ್ಳೆಯ ಮನಸ್ಸಿನಿಂದಲೇ ಅಂದ.

"ಪರವಾಗಿಲ್ಲ ಮಿಸ್ಟರ್ ರೆಟರ್. ನಾನು ಹೊರಗಿನವಳೇ ಅಲ್ವಾ" ಎಂದಳು. ಬಸ್ಸಿನಲ್ಲಿ ಬಂದ ಒಂದು ಸಂಸಾರದ ಪಕ್ಕ, ಅವರ ಮಗುವಿಗೆ ಜಾಗ ಬಿಟ್ಟು, ಕೋಟಿನ ಜೇಬಿಗೆ ಕೈ ಹಾಕಿಕೊಂಡು ನಿಂತಳು.

ಗ್ರಾಸಿಂದಾ ಮೆಟ್ಟಿಲಿಳಿದಳು. ನಾನು ತೋಳು ಹಿಡಿಯುವಷ್ಟರಲ್ಲಿ ರಸ್ತೆಯ ನಡುವೆ ಇದ್ದಳು. ಸೆಡ್ರಿಕ್ ತನ್ನ ಹಳೇ ಅಂಗಡಿಯ ಮುಂದೆ ಎಳೆಯರ ಪೀಪಾಯಿಯ ಪಕ್ಕದಲ್ಲಿ ಪಂಜು ಹಿಡಿದಿದ್ದ. ಟ್ಯಾಮ್ಸಿನ್ ತೋಳುಗಳಿಗೆ ಒದ್ದೆ ಗೋಣಿ ಸುತ್ತಿಕೊಂಡು, ಹೆದರಿದ ಕಣ್ಣು ಬಿಟ್ಟುಕೊಂಡು ನಿಂತಿದ್ದಳು. ಬೆಂಕಿ ಕಂಡರೆ ನಡುಗುವ ಹೆಂಗಸು ಆ ಪಂಜಿನ ಒಂದು ಮಾರು ದೂರಕ್ಕೆ ಹೋಗಿ ನಿಂತಳು. ನಾನು ಹಿಂದೆಯೇ ಓಡಿದೆ.

"ಹಚ್ಚಬೇಡ" ಎಂದಳು. "ನಾನು ಸುಳ್ಳು ಹೇಳಿದೆ."

"ಏನಮ್ಮ?"

"ಅವಳು ಈ ಕಡೆ ಹುಟ್ಟಿದ್ದು. ಕಲ್ಲುತೊಟ್ಟಿ ಹತ್ರ. ನಿಮಗೆಲ್ಲ ಗೊತ್ತು. ನನಗೆ ಬೆಂಕಿ ಅಂದ್ರೆ ಹೆದರಿಕೆ, ಅದಕ್ಕೆ ಸುಳ್ಳು ಹೇಳಿದೆ. ಈಗ ಸರಿಯಾಗಿ ಕೇಳು. ಎಲ್ಲಿ ಹೆತ್ತೆ ಅಂತ ಇನ್ನೊಂದ್ಸಲ ಕೇಳು."

ಸೆಡ್ರಿಕ್ ಪಂಜನ್ನು ಪಕ್ಕದವನ ಕೈಗೆ ಕೊಟ್ಟ. ಅವನು ಕೆಟ್ಟವನಲ್ಲ, ನಾನು ಅವನ ಜೊತೆ ಶಾಲೆಗೆ ಹೋದವಳು. ಕೆಟ್ಟವನಾಗಿದ್ದರೆ ಚೆನ್ನಾಗಿತ್ತು, ಕಪಾಳಕ್ಕೆ ಬಾರಿಸಬಹುದಿತ್ತು.

"ನೋಡಮ್ಮ ಗ್ರಾಸಿಂದಾ," ಎಂದ ಮೆಲ್ಲಗೆ, "ಅವತ್ತು ಎಲ್ಲರೆದುರಿಗೆ ಒಂದು ಹೇಳಿದೆ. ಇವತ್ತು ಇನ್ನೊಂದು ಹೇಳ್ತಿದ್ದೀಯ. ನಾನು ಯಾವುದನ್ನ ನಂಬಲಿ?"

"ನನ್ನನ್ನ ನಂಬು!" ಎಂದೆ ನಾನು. "ನನ್ನ ವ್ಯಾನು, ನನ್ನ ಕೈ. ಆ ಕಲ್ಲುತೊಟ್ಟೀನ ಮುಟ್ಟೋಷ್ಟು ಹತ್ತಿರದಲ್ಲಿದ್ದೆ. ಅವತ್ತು ನನ್ನನ್ನ ಯಾಕೋ ಕೇಳಲಿಲ್ಲ ನೀನು?"

ಅವನು ನನ್ನ ಕಣ್ಣು ತಪ್ಪಿಸಿದ. "ಲೇ ಬೆರಿಲ್, ಈಗ ಎಲ್ಲಿ ಹುಟ್ಟಿದ್ಲು ಅನ್ನೋ ಪ್ರಶ್ನೆನೇ ಇಲ್ವಲ್ಲ. ಕಟ್ಟಳೆ ಬದಲಾಯ್ತು. ಅಪ್ಪನೋ ಅಮ್ಮನೋ ಇಲ್ಲಿಯವರಾಗಿರಬೇಕು. ನಾನೇನು ಮಾಡ್ಲಿ? ನನ್ನ ಕೈಲಿಲ್ಲ."

"ನಿನ್ನ ಕೈಲೇ ಇತ್ತು" ಎಂದೆ. "ಎಲ್ಲರಿಗಿಂತ ಮೊದಲು ಎತ್ತಿದ್ದು ಅದೇ ಕೈ."

"ನನ್ನ ರಕ್ತ ನಿಮ್ಮ ರಸ್ತೆ ಮೇಲೆ ಬಿದ್ದಿದೆ" ಎಂದಳು ಗ್ರಾಸಿಂದಾ. ಅವಳು ಅಳುತ್ತಿರಲಿಲ್ಲ, ದನಿ ಒಡೆದಿತ್ತು. "ಹಿಮದ ಮೇಲೆ. ಕೆಂಪಗೆ. ನನ್ನ ಮಗಳು ಇಲ್ಲೀವಳು. ಕೊಡು ಅವಳಿಗೆ ಬೆಂಕಿ. ಹೊರಲಿ. ನಾನೇ ಹೇಳ್ತಿದ್ದೀನಿ, ಹೊರಲಿ!"

ಯಾರೋ ಹಿಂದಿನಿಂದ "ಹೊತ್ತಾಯ್ತು ಸೆಡ್ರಿಕ್" ಎಂದರು. ಟ್ಯಾಮ್ಸಿನ್ "ಅಜ್ಜ, ಅವಳೇ ಹೊರಲಿ ಬಿಡು" ಎಂದಳು, ಆದರೆ ಬಹಳ ಸಣ್ಣ ದನಿಯಲ್ಲಿ, ಮತ್ತು ಗೋಣಿಯನ್ನು ಬಿಚ್ಚಲಿಲ್ಲ. ಸೆಡ್ರಿಕ್ ಆ ಮಾತು ಕೇಳಿಸದವನಂತೆ ಪಂಜನ್ನು ವಾಪಸ್ಸು ತೆಗೆದುಕೊಂಡು ಪೀಪಾಯಿಯ ಬಾಯಿಗೆ ಹಿಡಿದ. ಡಾಂಬರು ಭುಗ್ಗೆಂದು ಹೊತ್ತಿತು. ಗ್ರಾಸಿಂದಾಳ ಮುಖದ ಮೇಲೆ ಬೆಳಕು ಬಿತ್ತು. ಅವಳು ಹಿಂದಕ್ಕೆ ಸರಿಯಲಿಲ್ಲ.

ಅಷ್ಟರಲ್ಲಿ ಇನೇಶ್ ಬಂದಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ, ಎಷ್ಟು ಕೇಳಿಸಿಕೊಂಡಿದ್ದಳೋ. ತಾಯಿಯ ಮೊಣಕೈ ಹಿಡಿದು ಬೆಂಕಿಯಿಂದ ಈಚೆಗೆ ಎಳೆದಳು.

"ಬಾ ಅಮ್ಮ. ಎಲ್ಲರೂ ನೋಡ್ತಿದ್ದಾರೆ."

"ನೋಡಲಿ! ನೀನೇ ಹೇಳು ಅವರಿಗೆ. ನೀನು ಈ ಕಡೆ ಹುಟ್ಟಿದೋಳು ಅಂತ ಹೇಳು. ನಿನ್ನ ಬಾಯಿಂದ ಹೇಳು."

ಇನೇಶ್ ಸೆಡ್ರಿಕ್‌ನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ತಾಯಿಯ ಕಡೆ ತಿರುಗಿದಳು.

"ನನಗೆ ಗೊತ್ತಿಲ್ಲಮ್ಮ" ಎಂದಳು. "ನಾನು ಅವತ್ತು ತುಂಬ ಚಿಕ್ಕವಳಿದ್ದೆ."

ಹಾಗೆಂದು ತಾಯಿಯನ್ನು ನಿಧಾನವಾಗಿ ನಡೆಸಿಕೊಂಡು ಹೋದಳು. ನೈಜೆಲ್ ದಾರಿ ಬಿಡಲು ಮುಂದೆ ಬಂದ, ಅವಳು ಬೇಡವೆಂದು ತಲೆಯಾಡಿಸಿ, ತಾಯಿ ಬಗ್ಗಿ ಆಚೆ ದಾಟಲೆಂದು ತಾನೇ ಹಗ್ಗವನ್ನು ಎತ್ತಿ ಹಿಡಿದಳು.